‘ಖಾಲೀ ಮಾರ್’ ಮತ್ತು ಬಯೋಮೆಕ್ಯಾನಿಕ್ಸ್ ಚಾರ್ಜು

ಪುಣೆಗೆ ಬಂದು ಇಪ್ಪತ್ತಾರು ವರ್ಷವಾಯಿತು. ಆದರೂ ‘ಖಾಲೀ’ ಅಂತ ಯಾರಾದರೂ ಅಂದರೆ ನನಗೆ ಮೊದಲು ನೆನಪಾಗುವುದು ಖಾಲಿ ಡಬ್ಬ! ಮರಾಠಿಯಲ್ಲಿ ಅದು ‘ಕೆಳಗೆ’. ನನ್ನ ಹನ್ನೆರಡು ವರ್ಷದ ಮಗಳ ಟೆನಿಸ್ ಕೋಚ್ ವರ್ಷವಿಡೀ ಕೂಗಿದ್ದು ಇದೊಂದನ್ನೇ: “ಖಾಲೀ ಮಾರ್! ಮನಗಟ್ ವಾಪರ್!” ಸರ್ವ್ ಮಾಡುವಾಗ ಕೆಳಕ್ಕೆ ಹೊಡಿ, ಮಣಿಕಟ್ಟು ಬಳಸು ಅಂತ.

ಇರಲಿ, ಕೋಚ್ ಅಂದಮೇಲೆ ಕೂಗುತ್ತಾರೆ. ಆದರೆ ಫೀಸಿನ ರಸೀದಿಯಲ್ಲಿ ಹೊಸದೊಂದು ಸಾಲು ಸೇರಿತು: ‘ಬಯೋಮೆಕ್ಯಾನಿಕ್ಸ್ ಅನಾಲಿಸಿಸ್’, ಸಾವಿರದೈನೂರು ರೂಪಾಯಿ. ಏನಪ್ಪಾ ಅಂದರೆ, ಮೊಬೈಲಿನಲ್ಲಿ ಹುಡುಗಿಯ ವಿಡಿಯೋ ತೆಗೆದು, ಮೈಮೇಲೆ ಕೆಂಪು-ಹಸಿರು ಗೆರೆ ಎಳೆದು, ಪಕ್ಕದಲ್ಲಿ ಫೆಡರರ್ ಫೋಟೋ ಇಟ್ಟು, ಮೊಣಕಾಲು ಇಷ್ಟು ಡಿಗ್ರಿ ಕಮ್ಮಿ, ಮಣಿಕಟ್ಟು ಅಷ್ಟು ಡಿಗ್ರಿ ಕಮ್ಮಿ ಅಂತ ಒಂದು ಪ್ರಿಂಟ್‌ಔಟ್. ಆರಡಿ ಒಂದಿಂಚಿನ ಫೆಡರರ್‌ಗೂ ನಾಲ್ಕಡಿ ಹತ್ತಿಂಚಿನ ನನ್ನ ಮಗಳಿಗೂ ತಾಳೆ ನೋಡಿದ್ದಾರೆ!

ನಾನು ಬಿ.ಕಾಂ. ಓದಿದವನು, ಸೈನ್ಸ್ ನನ್ನ ವಿಷಯವಲ್ಲ. ಆದರೆ ಲೆಕ್ಕ ಬರುತ್ತದೆ. ಚೆಂಡು ರ್‍ಯಾಕೆಟ್ಟಿನ ತಂತಿಗೆ ತಾಗಿರುವುದು ಸುಮಾರು ಐದು ಮಿಲಿಸೆಕೆಂಡ್. ಮಾಮೂಲಿ ಮೊಬೈಲ್ ವಿಡಿಯೋ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ, ಅಂದರೆ 33 ಮಿಲಿಸೆಕೆಂಡಿಗೆ ಒಂದು. ಚೆಂಡು ತಾಗಿದ ಕ್ಷಣ ಬಹುತೇಕ ಎರಡು ಚಿತ್ರಗಳ ನಡುವೆ ಕಳೆದುಹೋಗಿರುತ್ತದೆ. ಹಾಗಿದ್ದ ಮೇಲೆ ಆ ಕ್ಷಣದ ಮಣಿಕಟ್ಟಿನ ಕೋನ ಇವರಿಗೆ ಸಿಕ್ಕಿದ್ದೆಲ್ಲಿ?

ಇನ್ನು ‘ಖಾಲೀ ಮಾರ್’ ವಿಷಯ. ಒಂದು ಭಾನುವಾರ ಟೇಪ್ ಹಿಡಿದುಕೊಂಡು ಕೂತೆ. (ಮನೆಯವಳು ನಕ್ಕಳು, ಆಡಿಟ್ ಶುರುವಾಯಿತು ಅಂತ.) ಮಗಳು ಚೆಂಡು ಹೊಡೆಯುವ ಎತ್ತರ ಸುಮಾರು ಏಳೂಕಾಲು ಅಡಿ. ಬೇಸ್‌ಲೈನಿನಿಂದ ನೆಟ್ಟಿಗೆ 39 ಅಡಿ, ನೆಟ್ಟಿನಿಂದ ಸರ್ವಿಸ್ ಲೈನಿಗೆ 21 ಅಡಿ. ನೆಟ್ಟಿನ ಎತ್ತರ ಮಧ್ಯದಲ್ಲಿ 3 ಅಡಿ. ಚೆಂಡು ಹಗ್ಗ ಎಳೆದ ಹಾಗೆ ನೇರವಾಗಿ ಸರ್ವಿಸ್ ಲೈನಿಗೆ ಇಳಿಯುತ್ತದೆ ಅಂತಿಟ್ಟುಕೊಳ್ಳಿ. ನೆಟ್ಟಿನ ಹತ್ತಿರ ಅದು ಇರುವುದು ಎರಡೂವರೆ ಅಡಿಯಲ್ಲಿ. ಸೀದಾ ಬಲೆಗೆ! ನೇರ ಗೆರೆಯಲ್ಲಿ ಕೆಳಕ್ಕೆ ಹೊಡೆದು ಗೆಲ್ಲಬೇಕಾದರೆ ಎಂಟೂವರೆ ಅಡಿಗಿಂತಲೂ ಮೇಲಿಂದ ಹೊಡೆಯಬೇಕು. ಹೈಸ್ಕೂಲಿನ ತ್ರಿಕೋನದ ಲೆಕ್ಕ ಸ್ವಾಮಿ, ಇದಕ್ಕೆ ಆ್ಯಪ್ ಬೇಡ. ಮಕ್ಕಳು ತುಸು ಮೇಲಕ್ಕೇ ಹೊಡೆಯಬೇಕು, ಕೆಳಗಿಳಿಸುವ ಕೆಲಸ ಭೂಮಿಯದ್ದು ಮತ್ತು ಚೆಂಡಿನ ಸ್ಪಿನ್ನಿನದ್ದು.

ನನ್ನ ಮಗಳು ಹೇಳಿದ ಮಾತು ಕೇಳಿದಳು. ಕೆಳಕ್ಕೆ ಹೊಡೆದಳು, ನೆಟ್ಟಿಗೆ ಹೋಯಿತು, ಇನ್ನೂ ಜೋರಾಗಿ ಹೊಡೆದಳು. ಕಾಲು ಮರದ ಕೊರಡು, ದುಡಿದಿದ್ದೆಲ್ಲ ಭುಜ. ದೀಪಾವಳಿ ಹೊತ್ತಿಗೆ ಜಡೆ ಹಾಕಿಕೊಳ್ಳಲು ಕೈ ಎತ್ತಿದರೆ ನೋವು. ಎರಡು ತಿಂಗಳು ಸರ್ವ್ ಬಂದ್. ಫಿಸಿಯೋ ಕೇಳಿದ ಮೊದಲ ಪ್ರಶ್ನೆ: “ದಿನಕ್ಕೆ ಎಷ್ಟು ಸರ್ವ್?” ಯಾರೂ ಎಣಿಸಿರಲಿಲ್ಲ. ಬ್ಯಾಂಕಿನಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೆ ರಾತ್ರಿವರೆಗೆ ಕೂರುವ ನಾನೂ ಎಣಿಸಿರಲಿಲ್ಲ.

ಬಯೋಮೆಕ್ಯಾನಿಕ್ಸ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ನಿಜವಾಗಿ ಹೇಳುವುದೇ ಬೇರೆ. ಸರ್ವ್‌ನ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲು, ಸೊಂಟ, ನಡುವಿನಿಂದ ಬರುತ್ತದೆ ಅಂತ ಅಮೆರಿಕದ ವೈದ್ಯ ಬೆನ್ ಕಿಬ್ಲರ್ 1990ರ ದಶಕದಲ್ಲೇ ಬರೆದರು. ಕಾಲಿನ ಖಾತೆಯಲ್ಲಿ ಹಣ ಇಟ್ಟುಕೊಂಡು ಭುಜದ ಖಾತೆ ಮೇಲೆ ಚೆಕ್ ಬರೆದರೆ ಬೌನ್ಸ್ ಆಗದೆ ಏನಾಗುತ್ತದೆ? ಪಶ್ಚಿಮ ಆಸ್ಟ್ರೇಲಿಯಾದ ಬ್ರೂಸ್ ಎಲಿಯಟ್ ಮತ್ತವರ ಜೊತೆಗಾರರು 1995ರಲ್ಲಿ ತೋರಿಸಿದ ಹಾಗೆ, ರ್‍ಯಾಕೆಟ್ಟಿನ ವೇಗಕ್ಕೆ ಅತಿ ಹೆಚ್ಚು ಕೊಡುವುದು ಮೇಲ್ತೋಳು ತನ್ನ ಅಕ್ಷದಲ್ಲೇ ಒಳಕ್ಕೆ ತಿರುಗುವುದು. ಮಣಿಕಟ್ಟಿಗೂ ಪಾಲಿದೆ, ಆದರೆ ಯಜಮಾನಿಕೆ ಅದರದ್ದಲ್ಲ. ಆ ತಿರುವೋ, ಒಂದೇ ಪಕ್ಕದಿಂದ ಹಿಡಿದ ಮೊಬೈಲಿನ ಗೆರೆಗಳಲ್ಲಿ ಕಾಣುವುದೇ ಇಲ್ಲ.

ಹಾಗಂತ ಮಗುವಿಗೆ “ಮೇಲ್ತೋಳು ಒಳಕ್ಕೆ ತಿರುಗಿಸು” ಅಂದರೆ ಅದು ಕಂಬದ ಹಾಗೆ ನಿಲ್ಲುತ್ತದೆ. ಊರಲ್ಲಿ ನಾವು ಮಾವಿನಕಾಯಿಗೆ ಕಲ್ಲು ಬೀರುತ್ತಿದ್ದಾಗ ಯಾವ ಡಿಗ್ರಿ ಕೇಳಿದ್ದೆವು? ಕಣ್ಣು ಕಾಯಿ ಮೇಲೆ, ಉಳಿದದ್ದು ಮೈಯೇ ನೋಡಿಕೊಳ್ಳುತ್ತಿತ್ತು. ಗೇಬ್ರಿಯೆಲ್ ವುಲ್ಫ್ ಎಂಬಾಕೆ 1999ರಲ್ಲಿ ಗಾಲ್ಫ್ ಕಲಿಯುವವರ ಮೇಲೆ ಪ್ರಯೋಗ ಮಾಡಿ ಕಂಡದ್ದೂ ಇದನ್ನೇ. ತಮ್ಮ ತೋಳಿನ ಕಡೆ ಗಮನ ಇಟ್ಟವರಿಗಿಂತ, ಕೋಲಿನ ಬೀಸಿನ ಕಡೆ ಗಮನ ಇಟ್ಟವರು ಚೆನ್ನಾಗಿ ಕಲಿತರು. ಶಾಸ್ತ್ರ ಕೋಚ್ ಮನೆಯಲ್ಲಿ ಓದಿಕೊಂಡು ಬರಬೇಕಾದ ಪಾಠ. ನಮ್ಮವರು ತಾವು ಓದದೆ, ಅದರ ಪರಿಭಾಷೆಯನ್ನು ಮಗುವಿನ ಕಿವಿಗೆ ತುಂಬಿ, ಬಿಲ್ಲನ್ನು ಅಪ್ಪನಿಗೆ ಕಳಿಸುತ್ತಾರೆ.

2012ರಿಂದ ಹತ್ತು ವರ್ಷದೊಳಗಿನವರ ಸ್ಪರ್ಧೆಯಲ್ಲಿ ಮಾಮೂಲಿ ಹಳದಿ ಚೆಂಡು ಕೂಡದೆಂದು ಅಂತರರಾಷ್ಟ್ರೀಯ ಫೆಡರೇಷನ್ನಿನ ನಿಯಮವಿದೆ. ಕೆಂಪು, ಕಿತ್ತಳೆ, ಹಸಿರು ಅಂತ ನಿಧಾನದ ಚೆಂಡುಗಳಿವೆ. ಎಂಟನೇ ವಯಸ್ಸಿಗೆ ಸೇರಿದ ನನ್ನ ಮಗಳು ಅವನ್ನು ನೋಡಿಯೇ ಇಲ್ಲ. ಕೇಳಿದರೆ, “ಹಿಂದಿನವರು ಇದೆಲ್ಲ ಇಲ್ಲದೆ ದೊಡ್ಡ ಆಟಗಾರರಾಗಲಿಲ್ಲವೇ?” ಅಂದರು. ಆದರು ಸರಿ. ಭುಜ ಹೋಗಿ ಮನೆಗೆ ಹೋದವರ ಪಟ್ಟಿ ಯಾರ ಹತ್ತಿರ ಇದೆ?

ಈಗ ಅವಳು ಸರ್ವಿಸ್ ಲೈನಿನಿಂದಲೇ, ಎದುರಿನ ಬೇವಿನ ಮರದ ತುದಿಗೆ ರ್‍ಯಾಕೆಟ್ ಬೀಸುವ ಹಾಗೆ ಹೊಡೆಯುತ್ತಾಳೆ. ದಿನಕ್ಕೆ ನಲವತ್ತು, ನನ್ನ ಹಳೆ ಡೈರಿಯಲ್ಲಿ ಲೆಕ್ಕ. ಈ ತಿಂಗಳ ರಸೀದಿಯಲ್ಲೂ ಆ ಸಾವಿರದೈನೂರು ಬಂದಿದೆ. ಕಟ್ಟಿಲ್ಲ. ಶನಿವಾರ ಟೇಪ್ ತರುತ್ತೇನೆ, ಕೋರ್ಟಿನಲ್ಲೇ ಒಟ್ಟಿಗೆ ಅಳೆಯೋಣ ಅಂತ ಹೇಳಿ ಕಳಿಸಿದ್ದೇನೆ.