ಸೋತು ಬಂದ ಮಗು

ಶಾಲೆಗಳಲ್ಲಿ ಕ್ರೀಡಾಕೂಟಗಳು ನಡೆಯುವ ಕಾಲ ಬಂದಿತೆಂದರೆ ಮನೆಮನೆಯಲ್ಲಿಯೂ ಒಂದು ಬಗೆಯ ಸಂಭ್ರಮವು ತುಂಬಿಕೊಳ್ಳುವುದು. ಓಡುವ ಮಗುವಿಗೆ ಹಾಲು, ಹಣ್ಣು, ಹೊಸ ಬೂಟು, ಇವೆಲ್ಲವನ್ನೂ ತಾಯ್ತಂದೆಗಳು ಶ್ರದ್ಧೆಯಿಂದ ಒದಗಿಸುತ್ತಾರೆ. ಆದರೆ ಓಟದಲ್ಲಿ ಹಿಂದೆ ಬಿದ್ದು ಸಂಜೆಗೆ ಮನೆಗೆ ಮರಳುವ ಮಗುವಿಗಾಗಿ ಏನನ್ನು ಸಿದ್ಧಪಡಿಸಿಟ್ಟಿರಬೇಕೆಂದು ಯೋಚಿಸುವವರು ವಿರಳ. ಹತ್ತು ಜನ ಓಡಿದಲ್ಲಿ ಒಂಬತ್ತು ಜನರು ಸೋತೇ ಮನೆಗೆ ಬರುತ್ತಾರೆ. ಗೆಲುವು ಒಂದು ಮನೆಯ ವಿಷಯ. ಸೋಲು ಒಂಬತ್ತು ಮನೆಗಳ ವಿಷಯ. ಆದಕಾರಣ ಈ ತಿಂಗಳು ಸೋಲನ್ನು ಕುರಿತೇ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬಯಸುತ್ತೇನೆ.

ಆತ್ಮವಿಶ್ವಾಸವೆಂಬ ಶಬ್ದವು ಈಗ ಎಲ್ಲರ ಬಾಯಲ್ಲಿಯೂ ಇದೆ. ಅದರ ಅರ್ಥವನ್ನು ಕೊಂಚ ಬಿಡಿಸಿ ನೋಡೋಣ. ವಿಶ್ವಾಸ ಎಂಬಲ್ಲಿರುವ ಧಾತುವು ‘ಶ್ವಸ್’, ಎಂದರೆ ಉಸಿರಾಡು. ಭಯವಿಲ್ಲದೆ ನೆಮ್ಮದಿಯಾಗಿ ಉಸಿರಾಡುವುದೇ ವಿಶ್ವಾಸದ ಮೂಲಾರ್ಥ. ‘ನಾನು ಗೆದ್ದೇ ತೀರುವೆನು’ ಎಂಬ ಅಬ್ಬರವು ಅನೇಕ ವೇಳೆ ಭಯವು ತೊಟ್ಟುಕೊಂಡ ಮುಖವಾಡವೇ ಹೊರತು ವಿಶ್ವಾಸವಲ್ಲ. ಗೆದ್ದರೂ ಸೋತರೂ ತನ್ನವರ ಪ್ರೀತಿಯಲ್ಲಿ ಏರುಪೇರಾಗದೆಂದು ಬಲ್ಲ ಮಗುವು ಕಣದಲ್ಲಿ ನೆಮ್ಮದಿಯಾಗಿ ಉಸಿರಾಡಬಲ್ಲುದು. ಹಾಗೆ ಬಲ್ಲದ ಮಗುವು ಎದುರಾಳಿಯೊಡನೆ ಮಾತ್ರವಲ್ಲದೆ ಮನೆಯವರ ಆಶೆಯೊಡನೆಯೂ ಸೆಣಸಬೇಕಾಗುತ್ತದೆ.

ಬೆಂಗಳೂರಿನ ಪ್ರಕಾಶ ಪಡುಕೋಣೆಯವರು 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪಂದ್ಯಾವಳಿಯ ಅಂತಿಮ ಆಟದಲ್ಲಿ ಇಂಡೊನೇಶಿಯದ ಲಿಯೆಮ್ ಸ್ವಿ ಕಿಂಗರನ್ನು 15-3, 15-10ರಿಂದ ಸೋಲಿಸಿದ ಸಂಗತಿಯು ಸರ್ವವಿದಿತವಾದದ್ದು. ಅವರ ಬಾಲ್ಯದ ಆಟದಂಗಳವೆಂದರೆ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆಯ ಸಭಾಂಗಣ. ಅಷ್ಟಾಗಿಯೂ ಮೊದಲ ಬಾರಿಗೆ ಸ್ಪರ್ಧಿಸಿದ ರಾಜ್ಯದ ಕಿರಿಯರ ಪಂದ್ಯಾವಳಿಯಲ್ಲಿ ಆ ಬಾಲಕನು ಮೊದಲನೆಯ ಸುತ್ತಿನಲ್ಲಿಯೇ ಸೋತುಹೋದನು. ಎರಡು ವರ್ಷಗಳ ತರುವಾಯ ಅದೇ ಪ್ರಶಸ್ತಿಯು ಅವನ ಕೈಸೇರಿತು. ‘ನಿನಗೆ ಈ ಆಟ ಒಲಿಯದು’ ಎಂಬ ತೀರ್ಪು ಆ ಮೊದಲ ಸೋಲಿನ ದಿನವೇ ಮನೆಯಲ್ಲಿ ಹೊರಬಿದ್ದಿದ್ದರೆ, ನಡುವಣ ಎರಡು ವರ್ಷಗಳ ಅಭ್ಯಾಸಕ್ಕೆ ಎಡೆಯೇ ಇರುತ್ತಿರಲಿಲ್ಲ.

ಹಾಗಾದರೆ ಮಕ್ಕಳನ್ನು ಸದಾ ಹೊಗಳುತ್ತಿರಬೇಕೆ? ಅದೂ ಸರಿಯಲ್ಲ. ಕ್ಲಾಡಿಯಾ ಮುಲ್ಲರ್, ಕ್ಯಾರಲ್ ಡ್ವೆಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಐದನೆಯ ತರಗತಿಯ ಮಕ್ಕಳನ್ನು ಪರೀಕ್ಷಿಸಿ 1998ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಒಗಟಿನಂತಹ ಸಮಸ್ಯೆಗಳನ್ನು ಬಿಡಿಸಿದ ಮಕ್ಕಳಲ್ಲಿ ಕೆಲವರನ್ನು ಬುದ್ಧಿವಂತರೆಂದೂ ಕೆಲವರನ್ನು ಚೆನ್ನಾಗಿ ಶ್ರಮಪಟ್ಟರೆಂದೂ ಹೊಗಳಲಾಯಿತು. ಅನಂತರ ಕಠಿನವಾದ ಸಮಸ್ಯೆಗಳನ್ನು ಕೊಟ್ಟು ಅವರು ಸೋಲುವಂತೆ ಮಾಡಲಾಯಿತು. ಬುದ್ಧಿಗಾಗಿ ಹೊಗಳಿಸಿಕೊಂಡವರು ಬೇಗನೆ ಕುಗ್ಗಿದರು; ಶ್ರಮಕ್ಕಾಗಿ ಹೊಗಳಿಸಿಕೊಂಡವರು ಹಿಡಿದ ಕೆಲಸವನ್ನು ಬಿಡದೆ ಮುಂದುವರಿಸಿದರು. ಆಟದ ವಿಷಯದಲ್ಲಿಯೂ ಈ ಮಾತು ಮನನಯೋಗ್ಯ. ‘ನೀನು ಹುಟ್ಟು ಓಟಗಾರ’ ಎಂದು ಹೇಳಿಸಿಕೊಂಡ ಮಗುವಿಗೆ ಒಂದು ಸೋಲೇ ತನ್ನ ಹುಟ್ಟಿನ ಮೇಲೆ ಬಿದ್ದ ಕಳಂಕದಂತೆ ತೋರಬಹುದು. ‘ಈ ತಿಂಗಳೆಲ್ಲ ತಪ್ಪದೆ ಬೆಳಗ್ಗೆ ಎದ್ದು ಓಡಿದೆ’ ಎಂಬ ಮಾತನ್ನಾದರೋ ಯಾವ ಸೋಲೂ ಸುಳ್ಳು ಮಾಡಲಾರದು.

ಇನ್ನು ಮನೋಬಲವೆಂಬುದು ಉಪದೇಶದಿಂದ ಬರುವಂಥದಲ್ಲ. ತೋಳ್ಬಲದಂತೆ ಅದೂ ಅಭ್ಯಾಸಸಾಧ್ಯವಾದದ್ದು. ಹೈದರಾಬಾದಿನ ಪಿ. ವಿ. ಸಿಂಧು ಸ್ವಭಾವತಃ ಮೃದು. ಕಣದಲ್ಲಿ ಆಕೆಯ ಸಂಕೋಚವನ್ನು ಬಿಡಿಸಬೇಕೆಂದು ಗುರುಗಳಾದ ಪುಲ್ಲೇಲ ಗೋಪಿಚಂದರು, ಸಹಪಾಠಿಗಳೆಲ್ಲರ ಎದುರಿನಲ್ಲಿ ಗಟ್ಟಿಯಾಗಿ ಕೂಗಬೇಕೆಂದೂ ಅಲ್ಲಿಯವರೆಗೆ ರಾಕೆಟ್ಟನ್ನು ಮುಟ್ಟಕೂಡದೆಂದೂ ವಿಧಿಸಿದರು. ಆಕೆ ಅತ್ತಳು, ಕಡೆಗೆ ಕೂಗಿದಳು. 2016ರ ರಿಯೊ ಒಲಿಂಪಿಕ್ಸಿನಲ್ಲಿ ಆಕೆಗೆ ರಜತ ಪದಕ ದೊರೆಯಿತು. 2017 ಮತ್ತು 2018ರ ವಿಶ್ವಪಂದ್ಯಾವಳಿಗಳ ಅಂತಿಮ ಆಟಗಳೆರಡರಲ್ಲಿಯೂ ಸೋತು, 2019ರಲ್ಲಿ ಮೂರನೆಯ ಬಾರಿಗೆ ಅದೇ ಘಟ್ಟವನ್ನು ತಲುಪಿ ವಿಶ್ವವಿಜೇತೆಯಾದಳು. ಇಲ್ಲಿ ಒಂದು ಎಚ್ಚರವಿರಲಿ. ಶಿಷ್ಯೆಯನ್ನು ವರ್ಷಗಟ್ಟಲೆ ಬಲ್ಲ ಗುರುವು ಆಕೆಗೆಂದೇ ಆಯ್ದು ಕೊಟ್ಟ ಔಷಧವಿದು. ಇದನ್ನು ನೆಪಮಾಡಿಕೊಂಡು ಮಕ್ಕಳನ್ನು ನಾಲ್ವರ ಮುಂದೆ ಹಂಗಿಸುವುದು ಶಿಕ್ಷಣವೆನಿಸಲಾರದು.

ಒತ್ತಡದ ಗಳಿಗೆಯಲ್ಲಿ ಮನಸ್ಸನ್ನು ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಅಭಿನವ ಬಿಂದ್ರಾರ ನಿದರ್ಶನವಿದೆ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಮೂರನೆಯವರಾಗಿ ಅಂತಿಮ ಸುತ್ತನ್ನು ಪ್ರವೇಶಿಸಿದ ಅವರು ಏಳನೆಯವರಾಗಿ ಹೊರಬಂದರು. ನಾಲ್ಕು ವರ್ಷಗಳ ಬಳಿಕ, 2008ರಲ್ಲಿ, ಬೀಜಿಂಗಿನ ಅಂತಿಮ ಸುತ್ತಿಗೆ ಮುಂಚೆ ಪರೀಕ್ಷಾರ್ಥವಾಗಿ ಗುಂಡು ಹಾರಿಸಿ ನೋಡಿದರೆ ಅದು ಗುರಿಯಿಂದ ಬಹು ದೂರ ಬಿದ್ದಿತು; ಬಂದೂಕದ ಗುರಿಕಣ್ಣು ಸರಿದುಹೋಗಿದ್ದಿತು. ಯಾರು, ಏಕೆ ಎಂದು ವಿಚಾರಿಸುತ್ತ ಕುಳಿತಿದ್ದರೆ ಕಾಲವು ಮೀರಿಹೋಗುತ್ತಿತ್ತು. ಅವರು ಗುರಿಕಣ್ಣನ್ನು ಸರಿಪಡಿಸಿಕೊಂಡರು. 10.9 ಪೂರ್ಣಾಂಕವಾಗಿರುವ ಆ ಸ್ಪರ್ಧೆಯಲ್ಲಿ ಮೊದಲ ಗುಂಡಿಗೆ 10.7, ಕೊನೆಯ ಗುಂಡಿಗೆ 10.8 ಅಂಕಗಳು ಬಂದು ಸುವರ್ಣಪದಕವು ಅವರದಾಯಿತು. ಕಳೆದ ಗುಂಡು ಕೈಯಲ್ಲಿಲ್ಲ, ಪದಕವೂ ಕೈಯಲ್ಲಿಲ್ಲ. ಕೈಯಲ್ಲಿರುವುದು ಈಗಿನ ಒಂದು ಗುಂಡು ಮಾತ್ರ. ಮಕ್ಕಳಿಗೆ ಕಲಿಸತಕ್ಕ ವಿದ್ಯೆಯು ಇದೇ.

ಸೋತು ಬಂದ ಸಂಜೆ ಹಿರಿಯರು ಮಾಡತಕ್ಕದ್ದು ಅಲ್ಪ. ಮೊದಲು ಮಗುವಿಗೆ ಊಟವಾಗಲಿ, ನಿದ್ರೆಯಾಗಲಿ. ಅಳು ಬಂದರೆ ತಡೆಯಬೇಡಿರಿ. ಗೆದ್ದ ನೆರೆಮನೆಯ ಮಗುವಿನ ಹೆಸರನ್ನು ಆ ರಾತ್ರಿ ಎತ್ತಬೇಡಿರಿ. ಮರುದಿನ ಶಾಂತವಾಗಿ ಎರಡೇ ಪ್ರಶ್ನೆಗಳನ್ನು ಕೇಳಿರಿ: ‘ನಿನ್ನೆ ನಿನ್ನ ಕೈಯಲ್ಲಿದ್ದುದು ಯಾವುದು? ಈ ವಾರ ಅದರಲ್ಲಿ ತಿದ್ದಿಕೊಳ್ಳುವುದೇನು?’ ಉತ್ತರವನ್ನು ಮಗುವೇ ಹುಡುಕಲಿ. ಪಂದ್ಯಕ್ಕೆ ಮುನ್ನ ಎದೆ ಬಡಿದುಕೊಳ್ಳುವ ಮಗುವಿಗೆ, ಉಸಿರನ್ನು ಒಳಗೆಳೆದುಕೊಂಡುದಕ್ಕಿಂತ ಹೆಚ್ಚು ಹೊತ್ತು ನಿಧಾನವಾಗಿ ಹೊರಬಿಡುವುದನ್ನು ರೂಢಿ ಮಾಡಿಸಿರಿ. ಅದರಿಂದ ಹೃದಯದ ವೇಗವು ತಗ್ಗುತ್ತದೆ. ಈ ರೂಢಿಯು ಸಾಮಾನ್ಯ ದಿನಗಳಲ್ಲಿಯೇ ಆಗಬೇಕು. ಕಣದ ಅಂಚಿನಲ್ಲಿ ಹೊಸದಾಗಿ ಕಲಿಯಲಾಗದು.

ಕೊನೆಯದಾಗಿ ಒಂದು ಮಾತು. ಸಹಿಸುವುದೇ ಸದಾ ಧೈರ್ಯವಲ್ಲ. ಅಮೆರಿಕದ ಅಂಗಸಾಧಕಿ ಸಿಮೊನ್ ಬೈಲ್ಸ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ, ಗಾಳಿಯಲ್ಲಿ ತಿರುಗುವಾಗ ತನ್ನ ದೇಹದ ಸ್ಥಿತಿಯ ಅರಿವೇ ತಪ್ಪುತ್ತಿದೆಯೆಂದು ಕಂಡು ತಂಡದ ಅಂತಿಮ ಸ್ಪರ್ಧೆಯ ನಡುವಿನಿಂದ ಹಿಂದೆ ಸರಿದಳು. ಹಲವರು ಜರೆದರು. 2024ರ ಪ್ಯಾರಿಸ್ಸಿನಲ್ಲಿ ಅದೇ ಬೈಲ್ಸ್ ಮೂರು ಸುವರ್ಣ, ಒಂದು ರಜತ ಪದಕಗಳನ್ನು ಗಳಿಸಿದಳು. ಆದುದರಿಂದ ಮಗುವು ವಾರಗಟ್ಟಲೆ ಊಟ ನಿದ್ರೆಗಳನ್ನು ಬಿಟ್ಟು ಮಂಕಾಗಿದ್ದರೆ, ಪ್ರಿಯವಾದ ಆಟವನ್ನೇ ಕಂಡು ಅಂಜುತ್ತಿದ್ದರೆ, ಅದನ್ನು ಸೋಮಾರಿತನವೆಂದೆಣಿಸದೆ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು.

ಮಗುವು ಸೋಲಿನ ಅಳತೆಯನ್ನು ಅಂಕಪಟ್ಟಿಯಲ್ಲಿ ಓದುವುದಕ್ಕಿಂತ ಮುಂಚೆ ಹಿರಿಯರ ಮುಖದಲ್ಲಿ ಓದುತ್ತದೆ. ಮುಂದಿನ ಕೂಟದ ಸಂಜೆ ಆ ಒಂಬತ್ತು ಮನೆಗಳ ಬಾಗಿಲಲ್ಲಿ ನಿಂತು ಕಾಯುವವರು, ಮಗುವು ಬೀದಿಯ ತಿರುವಿನಲ್ಲಿ ಕಾಣಿಸಿಕೊಳ್ಳುವ ಮೊದಲೇ ತಮ್ಮ ಮುಖವನ್ನು ತಿಳಿಯಾಗಿಸಿಕೊಂಡಿರಲಿ.