ಬಿಡುವಿನ ವೇಳೆ: ಅರ್ಧಕ್ಕೇ ನಿಂತ ಕಪ್ಪೆ

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಚಿಕ್ಕ ಮಗಳು ಒರಿಗಾಮಿ ಪುಸ್ತಕ ಹಿಡಿದು ಕೂತಳು. ಕೊಕ್ಕರೆ ಹೇಗೋ ಆಯ್ತು. ಆಮೇಲೆ ಕಪ್ಪೆ ಆಗಲೇಬೇಕೆಂದು ಹಟ. ಅದು ಅರ್ಧಕ್ಕೇ ನಿಂತಿತು. "ಅಮ್ಮಾ, ಇಲ್ಲಿ ಏನು ಮಾಡೋದು?" ಅಂತ ಒಲೆಯ ಹತ್ತಿರಕ್ಕೇ ಬಂದಳು. ನಾನು ಒಗ್ಗರಣೆಯ ಅವಸರದಲ್ಲಿ ಕಾಗದ ಕಸಿದುಕೊಂಡು ಎಳೆದೆ, ಮೂಲೆ ಹರಿಯಿತು. ಸಾಲದ್ದಕ್ಕೆ "ಇಷ್ಟೂ ಬರಲ್ವಾ ನಿಂಗೆ?" ಅಂದುಬಿಟ್ಟೆ. ಮಗು ಮಾತಾಡಲಿಲ್ಲ. ಪುಸ್ತಕ ಹಾಸಿಗೆಯ ಕೆಳಗೆ ಸೇರಿತು.

ಮನಸ್ಸು ಚುರುಕ್ಕೆಂದಿತು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಪುಸ್ತಕ ತೆಗೆದು ನಾನೇ ಕೂತೆ. ಹೇಳಲು ನಾಚಿಕೆ, ನನ್ನದೂ ಅದೇ ಜಾಗದಲ್ಲಿ ನಿಂತಿತು!

ನಾಲ್ಕು ದಿನ ಕೂತ ಮೇಲೆ ತಿಳಿದದ್ದು ಇಷ್ಟು. ಕೈ ನಿಲ್ಲುವುದು ಒಂದು ಹಂತದಲ್ಲಿ, ತಪ್ಪು ಇರುವುದು ಅದಕ್ಕಿಂತ ಹಿಂದಿನ ಹಂತದಲ್ಲಿ. ರಂಗೋಲಿಯಲ್ಲಿ ಮೊದಲ ಸಾಲಿನ ಚುಕ್ಕಿ ಸರಿದಿದ್ದರೆ ಕೊನೆಯಲ್ಲಿ ಗೆರೆ ಕೂಡುವುದಿಲ್ಲವಲ್ಲ, ಹಾಗೆಯೇ.

ಮೊದಲು ಕಾಗದ. ಬಣ್ಣದ ಪುಟ್ಟ ಹಾಳೆಗಳಲ್ಲಿ ಕಲಿಯಲು ಹೋಗಬೇಡಿ. ಮಕ್ಕಳ ನೋಟ್‌ಬುಕ್ಕಿಗೆ ಹಾಕುವ ಬ್ರೌನ್ ಪೇಪರನ್ನು 25-30 ಸೆಂಟಿಮೀಟರಿನ ಸರಿ ಚೌಕವಾಗಿ ಕತ್ತರಿಸಿ. ಗರಿಗರಿಯಾಗಿದ್ದು ಮಡಿಕೆ ಹಿಡಿಯುತ್ತದೆ. ನ್ಯೂಸ್ ಪೇಪರ್ ಮೆತ್ತಗೆ, ಗೆರೆ ನಿಲ್ಲುವುದಿಲ್ಲ.

ಪುಸ್ತಕದ ಗೆರೆಗಳನ್ನು ಓದಲು ಕಲಿಯಿರಿ. ಬರೀ ತುಂಡು ಗೆರೆಗಳಿದ್ದರೆ ನಮ್ಮ ಕಡೆಗೆ ಮಡಿಕೆ. ಗೆರೆ, ಚುಕ್ಕಿ, ಗೆರೆ, ಚುಕ್ಕಿ ಅಂತ ಇದ್ದರೆ ಹಿಂದಕ್ಕೆ. ಜಪಾನಿನ ಅಕಿರ ಯೋಶಿಜಾವ (1911-2005) ಎಂಬುವರು 1954ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇಂಥ ಗೆರೆ, ಬಾಣಗಳನ್ನು ಬಳಸಿದರು. ಮುಂದೆ ಅದೇ ಎಲ್ಲ ಕಡೆ ರೂಢಿಯಾಯಿತು. ವಯಸ್ಸಿನಲ್ಲಿ ಕಾರ್ಖಾನೆಯಲ್ಲಿ ದುಡಿದವರಂತೆ. ನಾನಂತೂ ಈ ಎರಡು ಗೆರೆಗಳನ್ನು ಒಂದೇ ಅಂದುಕೊಂಡು ಎರಡು ಹಾಳೆ ಹಾಳು ಮಾಡಿದೆ.

ಈಗ ಕಪ್ಪೆಗೆ ಬರೋಣ. ಮೂಲೆಯಿಂದ ಮೂಲೆಗೆ ಎರಡು ಮಡಿಕೆ ಒಂದು ಕಡೆಗೆ, ಅಂಚಿಗೆ ಅಂಚು ಕೂಡಿಸಿ ಎರಡು ಮಡಿಕೆ ಅದರ ವಿರುದ್ಧಕ್ಕೆ. ಕೂಡಿಸಿದರೆ ನಾಲ್ಕು ರೆಕ್ಕೆಯ ಚಿಕ್ಕ ಚೌಕ. ಬಿಡಿ ಮೂಲೆಗಳು ನಿಮ್ಮ ಕಡೆಗಿರಲಿ. ಒಂದು ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿ, ಒಳಗೆ ಬೆರಳು ತೂರಿಸಿ ಅಗಲಿಸಿ, ಅದರ ಮಡಿಕೆಯಂಚು ಸರಿಯಾಗಿ ನಡುಗೆರೆಯ ಮೇಲೆ ಬೀಳುವಂತೆ ಚಪ್ಪಟೆ ಮಾಡಿ. ನಾಲ್ಕಕ್ಕೂ ಹೀಗೆಯೇ.

ಮುಂದಿನದೇ ನಮ್ಮಿಬ್ಬರನ್ನೂ ಅಳಿಸಿದ ಹಂತ. ಮೇಲಿನ ಪದರದ ಕೆಳಗಿನ ಎರಡು ಓರೆ ಅಂಚುಗಳನ್ನು ನಡುಗೆರೆಗೆ ತಂದು, ಉಗುರಿನಿಂದ ತೀಡಿ, ಬಿಚ್ಚಬೇಕು. ಮತ್ತೆ ಅದೇ ಗೆರೆಗಳನ್ನು ಹಿಂದಕ್ಕೂ ಒಮ್ಮೆ ಮಡಿಸಿ ಬಿಚ್ಚಿ. ಇದು ಪುಸ್ತಕದಲ್ಲಿಲ್ಲ, ಆದರೆ ಇಷ್ಟು ಮಾಡಿದರೆ ಕಾಗದ ಮಾತು ಕೇಳುತ್ತದೆ. ಆಮೇಲೆ ಅಡ್ಡಕ್ಕೆ ಕಾಣುವ ಬಿಡಿ ಅಂಚಿನ ನಡುವನ್ನು ಹಿಡಿದು ಮೆಲ್ಲಗೆ ಮೇಲೆತ್ತಿ. ಎರಡು ಪಕ್ಕಗಳು ತಾವಾಗಿಯೇ ಒಳಗೆ ಬಂದು, ಒಂದು ದಳ ಎದ್ದಂತಾಗುತ್ತದೆ. ಬಾರದಿದ್ದರೆ ಒತ್ತಬೇಡಿ! ನಾನು ಒತ್ತಿದ್ದಕ್ಕೇ ಹರಿದದ್ದು. ಮುಂದಿನ ಚಿತ್ರ ನೋಡಿ, ಕಾಗದ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತದೆ. ಆಗಲೂ ಆಗದಿದ್ದರೆ ಒಂದು ಹಂತ ಬಿಚ್ಚಿ, ಚಪ್ಪಟೆ ಮಾಡಿದ ರೆಕ್ಕೆ ನಡುಗೆರೆಯಿಂದ ಸರಿದಿದೆಯೇ ನೋಡಿ. ನನ್ನದು ಭತ್ತದ ಕಾಳಿನಷ್ಟು ಸರಿದಿತ್ತು.

ಮೊದಲ ದಳ ಸೊಟ್ಟಗಾದರೂ ಮುಂದುವರಿಯಿರಿ. ನಾಲ್ಕನೆಯದಕ್ಕೆ ಕೈ ಕುದುರುತ್ತದೆ, ಆಗ ಹಿಂತಿರುಗಿ ಮೊದಲನೆಯದನ್ನು ಸರಿಮಾಡಿ. ಕಾಲುಗಳನ್ನು ಸಣ್ಣ ಮಾಡುವಾಗ ನಡುಗೆರೆಗೆ ಒಂದು ದಾರದಷ್ಟು ಜಾಗ ಬಿಡಿ, ಇಲ್ಲವಾದರೆ ಪದರಗಳು ಒಂದರ ಮೇಲೊಂದು ಹತ್ತುತ್ತವೆ. ಬೇಸರವಾದರೆ ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಎದ್ದುಬಿಡಿ.

ನಾನೂ ಹಾಗೆ ಮೂರು ದಳದ ಕಪ್ಪೆಗೆ ಕ್ಲಿಪ್ಪು ಹಾಕಿ ಮೇಜಿನ ಮೇಲೆ ಬಿಟ್ಟು ಕಾಫಿಗೆ ಎದ್ದೆ. ಬಂದು ನೋಡಿದರೆ ಮಗಳು ಅದನ್ನು ಕೈಗೆತ್ತಿಕೊಂಡಿದ್ದಳು. "ಇದನ್ನ ಯಾರು ಮಾಡಿದ್ದು?" ಅಂದಳು. ನಾನೇ ಅಂದೆ. "ಇಲ್ಲಿ ತಪ್ಪಿದೆ ಅಮ್ಮಾ, ತಾಳು" ಅಂತ ಕ್ಲಿಪ್ಪು ತೆಗೆದು, ನಾಲಿಗೆ ತುದಿ ಕಚ್ಚಿಕೊಂಡು ಬಿಚ್ಚತೊಡಗಿದಳು. ನಾನು ಅಂದು ಒಲೆಗೆ ಕುಕ್ಕರ್ ಇಡುವುದನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದೆ.