ಸೂಜಿಯ ಚಟಕ್ಕೆ ಲಾಠಿ ಮದ್ದಲ್ಲ

ಮಾದಕ ವಸ್ತುವನ್ನು ಸೂಜಿಯ ಮೂಲಕ ರಕ್ತಕ್ಕೆ ಏರಿಸಿಕೊಳ್ಳುವ ಚಟ ಮನೆ ಹಾಳು ಮಾಡುವಂಥದು. ಇದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಅಡಗಿಸಲು ಸರ್ಕಾರಗಳಿಗೆ ಮೊದಲು ತೋಚುವುದು ಪೋಲೀಸು ಮತ್ತು ಜೈಲು. ಲಾಠಿ ಬೀಸಿದ ಕಡೆ ಅಳಿದದ್ದು ಚಟವೋ, ಚಟಕ್ಕೆ ಬಿದ್ದ ಮನುಷ್ಯನೋ?

ಸ್ಕಾಟ್‌ಲೆಂಡಿನ ಎರಡು ನಗರಗಳನ್ನು ನೋಡಿ. 1980ರ ದಶಕದ ಆರಂಭದಲ್ಲಿ ಎಡಿನ್‌ಬರೋದಲ್ಲಿ ಹೆರಾಯಿನ್ ಹಬ್ಬಿತು. ಪೋಲೀಸರು ಸಿಕ್ಕ ಸಿಕ್ಕ ಸಿರಿಂಜುಗಳನ್ನು ಕಸಿದುಕೊಂಡರು. ಔಷಧದಂಗಡಿಗಳಲ್ಲಿ ಅವು ಸಿಗುವುದು ದುರ್ಲಭವಾಯಿತು. ಚಟ ನಿಲ್ಲಲಿಲ್ಲ. ಒಂದೇ ಸೂಜಿ ಹಲವರ ತೋಳು ಸುತ್ತಿತು. ಅಲ್ಲಿನ ವೈದ್ಯರು 1986ರಲ್ಲಿ ಪ್ರಕಟಿಸಿದ ವರದಿಯಂತೆ, ಪರೀಕ್ಷೆಗೊಳಗಾದ ಚಟಗಾರರಲ್ಲಿ ಅರ್ಧದಷ್ಟು ಮಂದಿಯ ರಕ್ತದಲ್ಲಿ ಎಚ್.ಐ.ವಿ. ಸೇರಿತ್ತು. ಸಮೀಪದ ಗ್ಲಾಸ್ಗೋದಲ್ಲಿಯೂ ಹೆರಾಯಿನ್ ಇತ್ತು. ಆದರೆ ಅಲ್ಲಿ ಸೂಜಿಗೆ ಅಷ್ಟು ಬರವಿರಲಿಲ್ಲ. ಆಗ ಸೋಂಕೂ ಬಹಳ ಕಡಿಮೆಯಿತ್ತು.

ನಮ್ಮ ದೇಶದ ಮಣಿಪುರವೂ ಇದೇ ನೋವನ್ನು ಉಂಡಿದೆ. 1990ರ ಸುಮಾರಿಗೆ ಅಲ್ಲಿನ ಸೂಜಿ ಚಟಗಾರರಲ್ಲಿ ಈ ಸೋಂಕು ಕಾಳ್ಗಿಚ್ಚಿನಂತೆ ಹರಡಿತು. ಗಂಡನಿಂದ ಹೆಂಡತಿಗೂ, ಆಕೆಯಿಂದ ಹಸುಗೂಸಿಗೂ ದಾಟಿತು. ಆ ತಾಯಿ ಮಕ್ಕಳು ಮಾಡಿದ ಅಪರಾಧವೇನು?

ಈಗ ನಮ್ಮ ಸರ್ಕಾರದ ಎರಡು ಕೈಗಳನ್ನು ನೋಡಿರಿ. ಒಂದು ಕೈ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದಡಿ ಹೊಸ ಸೂಜಿ ಹಂಚುತ್ತದೆ. ಹೆರಾಯಿನ್ನಿಗೆ ಬದಲಾಗಿ ಬುಪ್ರೆನಾರ್ಫಿನ್ ಮಾತ್ರೆ ಕೊಡುತ್ತದೆ. ಇನ್ನೊಂದು ಕೈಯಲ್ಲಿ 1985ರ ಮಾದಕ ವಸ್ತು ಕಾಯಿದೆಯ ಕೋಳವಿದೆ. ಅದರ 27ನೆಯ ಕಲಮಿನಂತೆ ಹೆರಾಯಿನ್ ಸೇವಿಸಿದ್ದಕ್ಕೇ ಒಂದು ವರ್ಷದವರೆಗೆ ಸಜೆ. ತಾನಾಗಿ ಚಿಕಿತ್ಸೆಗೆ ಬಂದವನಿಗೆ 64ಎ ಕಲಮು ರಕ್ಷಣೆ ಕೊಡುತ್ತದೆ, ನಿಜ. ಆದರೆ ಚಿಕಿತ್ಸೆ ಪೂರ್ತಿಯಾಗದಿದ್ದರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ಪೋಲೀಸರಿಗೆ ಹೆದರಿ ಮರೆಯಲ್ಲಿ ಬದುಕುವವನು ಸೂಜಿ ಕೇಂದ್ರದ ಬಾಗಿಲಿಗೆ ಹೇಗೆ ಬಂದಾನು?

ಸರ್ಕಾರವೇ ಸೂಜಿ ಕೊಟ್ಟರೆ ಚಟಕ್ಕೆ ಕುಮ್ಮಕ್ಕು ಕೊಟ್ಟಂತಲ್ಲವೇ ಎಂದು ಸಜ್ಜನರು ಕೇಳುತ್ತಾರೆ. ಸೂಜಿ ಸಿಕ್ಕಿತೆಂದು ಯಾರೂ ಚಟಗಾರರಾಗುವುದಿಲ್ಲ. ಸೂಜಿಗಾಗಿ ಬಂದವನು ವೈದ್ಯನ ಕಣ್ಣಿಗೆ ಬೀಳುತ್ತಾನೆ. ಇಂದಲ್ಲ ನಾಳೆ ಚಿಕಿತ್ಸೆಗೆ ಒಪ್ಪುತ್ತಾನೆ. ಸತ್ತವನು ಚಟ ಬಿಡಲಾರ. ಪೋರ್ಚುಗಲ್ 2001ರಲ್ಲಿ ಸ್ವಂತ ಬಳಕೆಯ ಅಲ್ಪ ಪ್ರಮಾಣವನ್ನು ಅಪರಾಧಗಳ ಪಟ್ಟಿಯಿಂದ ತೆಗೆದು, ಚಿಕಿತ್ಸೆಯನ್ನೂ ವಿಸ್ತರಿಸಿತು. ಅನಂತರ ಅಲ್ಲಿ ಚಟಗಾರರಲ್ಲಿ ಹೊಸ ಎಚ್.ಐ.ವಿ. ಸೋಂಕು ಬಹಳವಾಗಿ ಇಳಿಯಿತು.

ಇದರಲ್ಲಿ ವರ್ಗದ ಪ್ರಶ್ನೆಯೂ ಅಡಗಿದೆ. ಉಳ್ಳವರ ಮಗ ಚಟಕ್ಕೆ ಬಿದ್ದರೆ ಖಾಸಗಿ ನರ್ಸಿಂಗ್ ಹೋಮ್. ಕೂಲಿಯವನ ಮಗ ಬಿದ್ದರೆ ಲಾಕಪ್ಪು. ವಿಷ ಮಾರಿ ಕೋಟಿ ಗಳಿಸುವ ದೊಡ್ಡ ಕುಳಗಳ ಮೇಲೆ ಕಾಯಿದೆಯ ಪೂರ್ಣ ಭಾರ ಬೀಳಲಿ. ಅದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಸೇವನೆಯೊಂದಕ್ಕೇ ವಿಧಿಸುವ ಸಜೆ ರದ್ದಾಗಬೇಕು. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ದೊರೆಯಬೇಕು. ಸೂಜಿ ಕೇಂದ್ರದ ಸುತ್ತ ಪೋಲೀಸರ ಕಾವಲು ಕೂಡದು. ರೋಗಿಗೆ ಬೇಕಾದದ್ದು ವೈದ್ಯ, ಜೈಲರ್ ಅಲ್ಲ.